ಕಾರಿನ ವೇಗ, ಮನಸ್ಸಿನ ವೇಗ

ಆಯುರ್ವೇದದಲ್ಲಿ ‘ವೇಗ’ ಎಂಬ ಶಬ್ದಕ್ಕೆ ಓಟದ ಬಿರುಸು ಎಂಬುದೊಂದೇ ಅರ್ಥವಲ್ಲ. ದೇಹದಲ್ಲಿಯಾಗಲಿ ಮನಸ್ಸಿನಲ್ಲಿಯಾಗಲಿ ತಾನಾಗಿ ಒತ್ತಿಕೊಂಡು ಬರುವ ಪ್ರೇರಣೆಯನ್ನು ನಮ್ಮ ಶಾಸ್ತ್ರಕಾರರು ವೇಗವೆಂದು ಕರೆದಿದ್ದಾರೆ. ಹಸಿವು ಒಂದು ವೇಗ, ಸೀನು ಒಂದು ವೇಗ. ಹಾಗೆಯೇ ಸಿಟ್ಟೂ ಒಂದು ವೇಗ, ಹೊಟ್ಟೆಕಿಚ್ಚೂ ಒಂದು ವೇಗ. ಇಂದಿನ ಹೆದ್ದಾರಿಯಲ್ಲಿ ಈ ಎರಡೂ ಅರ್ಥಗಳು ಒಂದೆಡೆ ಕೂಡುತ್ತವೆ. ನೆಲಕ್ಕೆ ಅಂಟಿದಂತಿರುವ ಸ್ಪೋರ್ಟ್ಸ್ ಕಾರೊಂದು ನಮ್ಮ ಪಕ್ಕದಿಂದ ಗುಡುಗಿನಂತೆ ಸದ್ದು ಮಾಡುತ್ತ ಮುಂದೆ ಸಾಗುತ್ತದೆ. ಅದರ ವೇಗ ಅದರ ಚಾಲಕನ ಕೈಯಲ್ಲಿದೆ. ಅದನ್ನು ಕಂಡ ಕ್ಷಣದಲ್ಲಿ ನಮ್ಮೊಳಗೆ ಎದ್ದ ವೇಗ ಯಾರ ಕೈಯಲ್ಲಿದೆ ಎಂಬುದೇ ಈ ತಿಂಗಳ ಆರೋಗ್ಯ ವಿಚಾರ.

ಕಾರುಗಳ ಮಾತು ಆರೋಗ್ಯದ ಪುಟಕ್ಕೆ ಏಕೆ ಬಂತು ಎಂದು ಓದುಗರಿಗೆ ಅನಿಸಬಹುದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಜನರು ಪ್ರಾಣ ಕಳೆದುಕೊಂಡರು. ಈ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಅತಿವೇಗದ ಲೆಕ್ಕಕ್ಕೆ ಸೇರಿದವು. ಅತಿವೇಗಕ್ಕೆ ಎಂಜಿನ್ ಒಂದು ಸಾಧನ ಮಾತ್ರ. ಕಾಲು ಆಕ್ಸಿಲರೇಟರನ್ನು ಒತ್ತುವ ಮೊದಲು ಮನಸ್ಸಿನಲ್ಲಿ ಏನೋ ಒಂದು ಒತ್ತಿರುತ್ತದೆ. ಅದನ್ನು ಗುರುತಿಸುವುದು ಕಾಯಿಲೆಯ ನಿದಾನವನ್ನು ಗುರುತಿಸಿದಂತೆಯೇ ಸರಿ.

ನಾಲ್ಕು ಬಗೆಯ ಪ್ರತಿಕ್ರಿಯೆ

ರವಿವಾರದ ಬೆಳಗಿನ ಜಾವ ಬೆಂಗಳೂರಿನಿಂದ ದೇವನಹಳ್ಳಿಯ ಕಡೆಗೋ ನಂದಿಬೆಟ್ಟದ ಕಡೆಗೋ ಹೊರಟವರಿಗೆ ಇಂತಹ ಕಾರುಗಳು ಅಪರೂಪವೇನಲ್ಲ. 2023ರಲ್ಲಿ ಲೋಕಾರ್ಪಣೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೂ ಇವು ಕಾಣುತ್ತವೆ. ಇವುಗಳನ್ನು ಕಂಡಾಗ ಉಳಿದ ವಾಹನ ಚಾಲಕರು ನಡೆದುಕೊಳ್ಳುವ ರೀತಿಯನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಬೆರಗು. ಕಾರಿನೊಳಗಿನ ಮಕ್ಕಳು ಕಿಟಕಿಗೆ ಮುಖ ಒತ್ತಿ ಕೈಬೀಸುತ್ತಾರೆ. ಹಿರಿಯರು ‘ಎಷ್ಟು ಕೋಟಿಯದೋ’ ಎಂದು ಉದ್ಗರಿಸುತ್ತಾರೆ. ಬೈಕಿನ ತರುಣರು ಒಂದು ಕೈಯಲ್ಲಿ ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತ ಅದರ ಪಕ್ಕಕ್ಕೆ ಹೋಗುತ್ತಾರೆ. ಎಂಜಿನ್ನಿನ ಸದ್ದನ್ನು ಹೆಚ್ಚಿಸುವಂತೆ ಚಾಲಕನಿಗೆ ಸನ್ನೆ ಮಾಡುವುದೂ ಉಂಟು. ಎರಡನೆಯದು ಅಳುಕು. ತಗುಲಿದರೆ ಅದರ ಬಣ್ಣಕ್ಕೂ ನಮ್ಮ ವರ್ಷದ ದುಡಿಮೆ ಸಾಲದು ಎಂಬ ಅಂಜಿಕೆಯಿಂದ ದೂರ ಸರಿದು ದಾರಿ ಬಿಡುವವರು ಈ ಗುಂಪಿನವರು. ಮೂರನೆಯದು ಪೈಪೋಟಿ. ತನ್ನ ವಾಹನ ಯಾವುದೇ ಇರಲಿ, ಅದನ್ನು ಒಮ್ಮೆ ಹಿಂದಿಕ್ಕಿ ತೋರಿಸಬೇಕೆಂಬ ಹಟ. ನಾಲ್ಕನೆಯದು ಮತ್ಸರ. ದಾರಿ ಕೊಡದೆ ಅಡ್ಡಗಟ್ಟುವುದು, ಹಿಂದಿನಿಂದ ದೀಪ ಮಿನುಗಿಸಿ ಕೆಣಕುವುದು, ತಪ್ಪು ಯಾರದೆಂದು ನೋಡುವ ಮೊದಲೇ ‘ಹಣದ ಮದ’ ಎಂದು ತೀರ್ಪು ಕೊಡುವುದು ಇದರ ಲಕ್ಷಣಗಳು.

ಈ ನಾಲ್ಕೂ ಒಬ್ಬನಲ್ಲಿಯೇ ಒಂದಾದ ಮೇಲೊಂದು ಬರಬಹುದು. ಬೆರಗಿನಿಂದ ಆರಂಭವಾದದ್ದು ಎರಡು ಕಿಲೋಮೀಟರಿನೊಳಗೆ ಪೈಪೋಟಿಯಾಗಿ, ಸೋತ ಮೇಲೆ ಮತ್ಸರವಾಗಿ ಮುಗಿಯುವುದು ಸಾಮಾನ್ಯ.

ಹಾರ್ನ್ ಯಾರಿಗೆ ಜೋರು?

ಸಿಟ್ಟು ಬಂದರೆ ತಡೆಯುವುದಕ್ಕಾಗುವುದಿಲ್ಲ ಎಂದು ಅನೇಕರು ಹೇಳುತ್ತಾರೆ. ಈ ಮಾತನ್ನು ಪರೀಕ್ಷಿಸಲು ಒಂದು ಹಳೆಯ ಪ್ರಯೋಗ ನೆರವಾಗುತ್ತದೆ. ಆಂಥನಿ ಡೂಬ್ ಮತ್ತು ಅಲನ್ ಗ್ರಾಸ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮಾಡಿದ ಈ ಪ್ರಯೋಗ 1968ರಲ್ಲಿ ಪ್ರಕಟವಾಯಿತು. ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದ ಮೇಲೂ ಒಂದು ಕಾರು ಬೇಕೆಂದೇ ಮುಂದೆ ಹೋಗದೆ ನಿಲ್ಲುತ್ತಿತ್ತು. ಹಿಂದಿನ ಕಾರಿನವರು ಎಷ್ಟು ಹೊತ್ತಿಗೆ ಹಾರ್ನ್ ಮಾಡುತ್ತಾರೆ, ಎಷ್ಟು ಸಲ ಮಾಡುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಲಾಯಿತು. ಕೆಲವು ಸಲ ನಿಲ್ಲಿಸಿದ್ದು ಹೊಳೆಯುವ ಕಪ್ಪು ಬಣ್ಣದ ದುಬಾರಿ ಕ್ರೈಸ್ಲರ್ ಕಾರನ್ನು. ಕೆಲವು ಸಲ ತುಕ್ಕು ಹಿಡಿದ ಹಳೆಯ ಕಾರನ್ನು.

ಹಳೆಯ ಕಾರಿನ ಹಿಂದೆ ನಿಂತವರಲ್ಲಿ ನೂರಕ್ಕೆ 84 ಜನರು ಹಾರ್ನ್ ಮಾಡಿದರು. ದುಬಾರಿ ಕಾರಿನ ಹಿಂದೆ ನಿಂತವರಲ್ಲಿ ಹಾರ್ನ್ ಮಾಡಿದವರು ನೂರಕ್ಕೆ 50 ಮಾತ್ರ. ಹಳೆಯ ಕಾರಿನ ಹಿಂದಿದ್ದ ಇಬ್ಬರಂತೂ ಹಾರ್ನಿಗೂ ಕಾಯದೆ ತಮ್ಮ ಕಾರಿನಿಂದಲೇ ಅದರ ಬಂಪರಿಗೆ ತಾಗಿಸಿದರು. ಇನ್ನೊಂದು ಸ್ವಾರಸ್ಯವೂ ಉಂಟು. ಇಂತಹ ಸಂದರ್ಭದಲ್ಲಿ ನೀವೇನು ಮಾಡುವಿರಿ ಎಂದು ವಿದ್ಯಾರ್ಥಿಗಳನ್ನು ಪ್ರತ್ಯೇಕವಾಗಿ ಕೇಳಿದಾಗ, ಹುಡುಗರು ದುಬಾರಿ ಕಾರಿಗೇ ಮೊದಲು ಹಾರ್ನ್ ಮಾಡುವುದಾಗಿ ಉತ್ತರಿಸಿದರು. ಬಾಯಲ್ಲಿ ಶೌರ್ಯ, ರಸ್ತೆಯಲ್ಲಿ ಅಳುಕು.

ಮುಂದಿನ ಕಾರು ಮಾಡಿದ ತಪ್ಪು ಎರಡೂ ಸಲ ಒಂದೇ. ತಡವಾದದ್ದೂ ಅಷ್ಟೇ. ಆದರೂ ಅರ್ಧದಷ್ಟು ಜನರ ಸಿಟ್ಟು ದುಬಾರಿ ಕಾರಿನ ಮುಂದೆ ತಾನಾಗಿ ಅಡಗಿತು. ಹಾಗಾದರೆ ಸಿಟ್ಟು ತಡೆಯಲಾಗದ್ದು ಎಂಬ ಮಾತು ನಿಲ್ಲುವುದಿಲ್ಲ. ಅದು ಎದುರಿಗೆ ಯಾರಿದ್ದಾರೆಂದು ನೋಡಿಕೊಂಡು ಏಳುತ್ತದೆ, ನೋಡಿಕೊಂಡು ಇಳಿಯುತ್ತದೆ. ದೊಡ್ಡವರ ಮುಂದೆ ಹಿಡಿದಿಟ್ಟುಕೊಳ್ಳಲು ಬರುವ ಸಿಟ್ಟನ್ನು ಹಳೆಯ ಆಟೋದವನ ಮುಂದೆ, ತರಕಾರಿ ಗಾಡಿಯವನ ಮುಂದೆಯೂ ಹಿಡಿದಿಟ್ಟುಕೊಳ್ಳಲು ಬರುತ್ತದೆ. ಶಕ್ತಿ ಇದೆ, ಬಳಸುತ್ತಿಲ್ಲ, ಅಷ್ಟೇ.

1995ರಲ್ಲಿ ಪ್ರಕಟವಾದ ಅಮೆರಿಕದ ಮತ್ತೊಂದು ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ಮೇಲುಹೊದಿಕೆ ತೆರೆದು ಮುಚ್ಚಬಹುದಾದ ಕಾರುಗಳ ಚಾಲಕರನ್ನು ಅಲ್ಲಿ ಗಮನಿಸಲಾಯಿತು. ಹೊದಿಕೆ ಮುಚ್ಚಿಕೊಂಡು ಮುಖ ಮರೆಯಾದವರು ಬೇಗ ಹಾರ್ನ್ ಮಾಡಿದರು, ಹೆಚ್ಚು ಹೊತ್ತು ಮಾಡಿದರು. ಹೊದಿಕೆ ತೆರೆದು ಎಲ್ಲರಿಗೂ ಕಾಣುವಂತೆ ಕುಳಿತವರು ಸಂಯಮ ತೋರಿದರು. ಓಣಿಯಲ್ಲಿ ಎದುರಾದವರಿಗೆ ‘ಬರ್ರಿ, ಮುಂದ ಹೋಗ್ರಿ’ ಎಂದು ದಾರಿ ಬಿಡುವ ನಾವೇ ಗಾಜು ಏರಿಸಿಕೊಂಡ ಕೂಡಲೇ ಬೇರೆಯವರಾಗುತ್ತೇವೆ.

ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಬೇರೆ ಏನು?

ಮೇಲಿನ ಪ್ರಯೋಗದ ಕ್ರೈಸ್ಲರ್ ಒಂದು ಸಿರಿವಂತರ ಕಾರು, ಸ್ಪೋರ್ಟ್ಸ್ ಕಾರಲ್ಲ. ಸಿರಿವಂತರ ಕಾರು ಅಂತಸ್ತನ್ನು ಸಾರಿದರೆ ಸ್ಪೋರ್ಟ್ಸ್ ಕಾರು ಅಂತಸ್ತಿನ ಜೊತೆಗೆ ವೇಗವನ್ನೂ ಸಾರುತ್ತದೆ. ವೇಗವನ್ನು ಕಂಡವನ ಮನಸ್ಸು ಅದನ್ನು ಸವಾಲೆಂದು ಓದಿಕೊಳ್ಳುವ ಸಂಭವ ಹೆಚ್ಚು, ಅದರಲ್ಲಿಯೂ ತರುಣರಲ್ಲಿ. ಹೀಗಾಗಿ ಇಲ್ಲಿ ಅಳುಕಿನ ಪಕ್ಕದಲ್ಲಿಯೇ ಹಟವೂ ಏಳುತ್ತದೆ.

ಕಾರಿನ ಒಳಗೆ ಕುಳಿತವನ ದೇಹವೂ ಇದರಿಂದ ಹೊರತಲ್ಲ. ಕೆನಡಾದ ಮಾಂಟ್ರಿಯಲ್ ನಗರದ ಕಾಂಕಾರ್ಡಿಯ ವಿಶ್ವವಿದ್ಯಾಲಯದಲ್ಲಿ ಗ್ಯಾಡ್ ಸಾದ್ ಮತ್ತು ಜಾನ್ ವೊಂಗಾಸ್ ಅವರು ಯುವಕರಿಂದ ಒಮ್ಮೆ ಪೋರ್ಶೆ ಕಾರನ್ನೂ ಒಮ್ಮೆ ಹಳೆಯ ಟೊಯೋಟಾ ಕಾರನ್ನೂ ಓಡಿಸಿ ಅವರ ಲಾಲಾರಸವನ್ನು ಪರೀಕ್ಷಿಸಿದರು. ಪೋರ್ಶೆ ಓಡಿಸಿದಾಗ ಟೆಸ್ಟೋಸ್ಟೆರೋನ್ ಎಂಬ ಪುರುಷ ಹಾರ್ಮೋನಿನ ಮಟ್ಟ ಏರಿತ್ತು. 2009ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ತಿಳಿಯುವುದೇನೆಂದರೆ, ವಸ್ತುವಿನ ಪ್ರಭಾವ ರಕ್ತದವರೆಗೂ ಇಳಿಯುತ್ತದೆ. ಅದನ್ನು ಓಡಿಸುವವನ ದೇಹ ಹೀಗೆ ಬದಲಾಗುವುದಾದರೆ, ಅದನ್ನು ಕಂಡು ಹಿಂದೆ ಬೀಳುವವನ ದೇಹ ಮೊದಲಿನಂತೆಯೇ ಇರುವುದೆಂದು ನಂಬುವುದು ಕಷ್ಟ.

ಜನರ ಅಸಮಾಧಾನ ಪೂರ್ತಿ ನಿರಾಧಾರವೆಂದೂ ಹೇಳಲಾಗದು. 2012ರಲ್ಲಿ ಪಾಲ್ ಪಿಫ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯದ ರಸ್ತೆಗಳಲ್ಲಿ ಗಮನಿಸಿದಂತೆ, ದುಬಾರಿ ಕಾರಿನವರು ಪಾದಚಾರಿಗಳಿಗೆ ದಾರಿ ಬಿಡದೆ ಸಾಗಿದ್ದು ಹೆಚ್ಚು. ಆದರೆ 2020ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದು ಇದಕ್ಕೆ ಇನ್ನೊಂದು ಮುಖವಿದೆ ಎಂದಿತು. ದುಬಾರಿ ಕಾರುಗಳನ್ನು ಇಟ್ಟುಕೊಂಡವರಲ್ಲಿ ಸ್ವಾರ್ಥಿಗಳೂ ಹಟಮಾರಿಗಳೂ ಆದ ಗಂಡಸರಿದ್ದರು. ಅವರಂತೆಯೇ ಶಿಸ್ತಿನ, ಕರ್ತವ್ಯನಿಷ್ಠ ಜನರೂ ಇದ್ದರು. ಕಾರನ್ನು ನೋಡಿ ಒಳಗಿರುವವನು ಇವರಲ್ಲಿ ಯಾರೆಂದು ಹೇಳಲು ಬಾರದು.

ನಾವು ತಪ್ಪಾಗಿ ಓದುವ ಮೂರು ಸಂಗತಿಗಳು

ನಮ್ಮ ಸಿಟ್ಟಿನ ದೊಡ್ಡ ಪಾಲು ತಪ್ಪು ತಿಳಿವಳಿಕೆಯಿಂದ ಹುಟ್ಟುತ್ತದೆ. ಸ್ಪೋರ್ಟ್ಸ್ ಕಾರು ರಸ್ತೆ ಉಬ್ಬಿನ ಬಳಿ ಬಂದಾಗ ಆಮೆಯಂತೆ ಓರೆಯಾಗಿ ದಾಟುತ್ತದೆ. ಹಿಂದಿನವರು ‘ಮೆರವಣಿಗೆ ಹೊರಟಿದ್ದಾನೆ’ ಎಂದು ಹಾರ್ನ್ ಬಾರಿಸುತ್ತಾರೆ. ನಿಜ ಸಂಗತಿ ಬೇರೆ. ನಿಯಮದಂತೆ ಕಟ್ಟಿದ ರಸ್ತೆ ಉಬ್ಬಿನ ಎತ್ತರವೇ 10 ಸೆಂಟಿಮೀಟರ್. ಇಂತಹ ಅನೇಕ ಕಾರುಗಳ ತಳಕ್ಕೂ ನೆಲಕ್ಕೂ ನಡುವೆ ಇರುವ ಅಂತರ ಸುಮಾರು 10ರಿಂದ 13 ಸೆಂಟಿಮೀಟರ್. ನಮ್ಮ ಊರುಗಳಲ್ಲಿ ಮನಬಂದಂತೆ ಹಾಕಿದ ಉಬ್ಬುಗಳಿಗಂತೂ ಅಳತೆಯೇ ಇಲ್ಲ. ಆತ ಕಾರಿನ ಹೊಟ್ಟೆಯನ್ನು ಕಾಪಾಡಿಕೊಳ್ಳುತ್ತಿರುತ್ತಾನೆ. ಅದರಲ್ಲಿ ಮೆರವಣಿಗೆಯೇನೂ ಇಲ್ಲ.

ಎರಡನೆಯದು, ನೋಟ. ಕಾರು ತಗ್ಗಾಗಿರುವುದರಿಂದ ಅದರ ಚಾಲಕನ ಕಣ್ಣು ಲಾರಿಯ ಗಾಲಿಯ ಮಟ್ಟದಲ್ಲಿರುತ್ತದೆ. ಹಿಂದಿನ ಗಾಜು ಕಿರಿದು. ಎತ್ತರದ ಜೀಪಿನ ಪ್ರಖರ ದೀಪ ನೇರವಾಗಿ ಅವನ ಕನ್ನಡಿಗೆ ಬಡಿಯುತ್ತದೆ. ಅವನು ನಮ್ಮನ್ನು ನೋಡಲಿಲ್ಲವೆಂದರೆ ಕಡೆಗಣಿಸಿದನೆಂದೇ ಆಗುವುದಿಲ್ಲ, ಕಾಣದೆಯೂ ಇರಬಹುದು.

ಮೂರನೆಯದು, ಸದ್ದು. ದೊಡ್ಡ ಎಂಜಿನ್ನಿನ ಗರ್ಜನೆ ಕಿವಿಗೆ ಬಿದ್ದೊಡನೆ ನಾವು ಅತಿವೇಗವೆಂದು ತಿಳಿಯುತ್ತೇವೆ. ಎಷ್ಟೋ ವೇಳೆ ಆ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿಯೇ ಇರುತ್ತದೆ. ಸದ್ದನ್ನು ಬೇಕೆಂದೇ ಹೆಚ್ಚಿಸಿಕೊಂಡವರ ಮಾತು ಬೇರೆ; ಅದು ತಪ್ಪೇ ಸರಿ. ಆದರೆ ಕಿವಿಯ ಅಳತೆಯನ್ನು ಸ್ಪೀಡೋಮೀಟರಿನ ಅಳತೆ ಎಂದುಕೊಳ್ಳಬಾರದು.

ಪೈಪೋಟಿಯ ಲೆಕ್ಕ

ಹಟಕ್ಕೆ ಬಿದ್ದು ಬೆನ್ನಟ್ಟುವವರು ಒಂದು ಸರಳ ಲೆಕ್ಕವನ್ನು ತಿಳಿದಿರಬೇಕು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡ್ ಬೇಕಾದರೆ, ಬ್ರೇಕ್ ಹಿಡಿಯುವ ಮೊದಲೇ 42 ಮೀಟರ್ ಕಳೆದಿರುತ್ತದೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. 60ರಲ್ಲಿ ಆಗುವ ಪೆಟ್ಟಿಗೂ 120ರಲ್ಲಿ ಆಗುವ ಪೆಟ್ಟಿಗೂ ಇರುವ ವ್ಯತ್ಯಾಸ ಅದು.

ಇನ್ನೂ ಮುಖ್ಯವಾದ ಮಾತೊಂದಿದೆ. ಸ್ಪೋರ್ಟ್ಸ್ ಕಾರು ಬೇಗ ಓಡುವುದಷ್ಟೇ ಅಲ್ಲದೆ ಬೇಗ ನಿಲ್ಲುತ್ತದೆ ಕೂಡ. ಅದರ ಅಗಲವಾದ ಟಯರು, ದೊಡ್ಡ ಬ್ರೇಕುಗಳ ಬಲದಿಂದ 100ರ ವೇಗದಿಂದ ಸುಮಾರು 35 ಮೀಟರಿನಲ್ಲಿ ನಿಲ್ಲಬಲ್ಲದು. ಸಾಮಾನ್ಯ ಚಿಕ್ಕ ಕಾರಿಗೆ ಇನ್ನೂ ಹತ್ತು ಮೀಟರಿನಷ್ಟಾದರೂ ಹೆಚ್ಚು ಬೇಕು; ತುಂಬಿದ ಜೀಪಿಗೆ, ಸವೆದ ಟಯರಿನ ಬೈಕಿಗೆ ಅದಕ್ಕಿಂತಲೂ ಹೆಚ್ಚು. ಬೆನ್ನಟ್ಟಿ ಹತ್ತಿರ ಹೋದವನ ಮುಂದೆ ಆ ಕಾರು ಹಠಾತ್ತನೆ ನಿಂತರೆ ಉಳಿಯುವುದು ಆ ಹತ್ತು ಮೀಟರುಗಳ ಪ್ರಶ್ನೆ. ಆ ಅಂತರದಲ್ಲಿ ಹಟಕ್ಕೆ ಬೆಲೆಯಿಲ್ಲ.

ರಸ್ತೆಯಲ್ಲಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯ್ದೆಯಂತೆ ಅಪರಾಧವೂ ಹೌದು. ಮೊದಲ ಸಲಕ್ಕೆ 5,000 ರೂಪಾಯಿವರೆಗೆ ದಂಡ ಅಥವಾ ಸೆರೆವಾಸ ಅಥವಾ ಎರಡೂ ಆಗಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿ ಗಂಟೆಗೆ 100 ಕಿಲೋಮೀಟರ್. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿರುವುದರ ಹಿಂದೆಯೂ ಇದೇ ಲೆಕ್ಕವಿದೆ. ವೇಗದಲ್ಲಿ ಬಹಳ ಅಂತರವಿರುವ ವಾಹನಗಳು ಒಂದೇ ದಾರಿಯಲ್ಲಿ ಕೂಡಿದಾಗ ಸಾವು ಹತ್ತಿರವಾಗುತ್ತದೆ.

ಒಡಲಿನೊಳಗೆ ಆಗುವುದೇನು?

ನನ್ನ ಚಿಕಿತ್ಸಾಲಯಕ್ಕೆ ಬರುವ ಐವತ್ತೈದರ ವರ್ತಕರೊಬ್ಬರಿಗೆ ರಕ್ತದೊತ್ತಡ ಔಷಧಿಯಿಂದ ಹತೋಟಿಯಲ್ಲಿತ್ತು. ಒಂದು ಸಂಜೆ ಅವರು ಎದೆ ಬಿಗಿದಂತಾಗಿ ಬಂದರು. ಹೆದ್ದಾರಿಯಲ್ಲಿ ಒಂದು ಸ್ಪೋರ್ಟ್ಸ್ ಕಾರು ತಮ್ಮನ್ನು ತೀರ ಹತ್ತಿರದಿಂದ ದಾಟಿತೆಂದು ಅದರ ಬೆನ್ನು ಹತ್ತಿ, ಸಿಗದೆ, ಒಳಗೊಳಗೇ ಕುದಿಯುತ್ತ ಮನೆಗೆ ಬಂದು ಊಟಕ್ಕೆ ಕುಳಿತಿದ್ದರು. ಅವರನ್ನು ತಡಮಾಡದೆ ಹೃದ್ರೋಗದ ಆಸ್ಪತ್ರೆಗೆ ಕಳುಹಿಸಿದೆ. ಸಕಾಲದಲ್ಲಿ ಚಿಕಿತ್ಸೆ ದೊರೆತು ಉಳಿದರು. ‘ಅವಗ ನನ್ನ ಸಿಟ್ಟು ಗೊತ್ತ ಇಲ್ಲರಿ ಡಾಕ್ಟರ, ನನ್ನ ಎದಿಗೆ ಗೊತ್ತಾತು’ ಎಂದು ಅವರು ಆಮೇಲೆ ಹೇಳಿದ ಮಾತು ಈ ವಿಷಯದ ಸಾರವನ್ನೆಲ್ಲ ಹೇಳುತ್ತದೆ.

ಸಿಟ್ಟು ಬಂದಾಗ ಅಡ್ರಿನಲಿನ್ ಮೊದಲಾದ ದ್ರವ್ಯಗಳು ರಕ್ತಕ್ಕೆ ಇಳಿದು ನಾಡಿಯ ಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ವೈದ್ಯರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 280 ಆರೋಗ್ಯವಂತರು ಭಾಗವಹಿಸಿದ್ದರು. ಅವರಲ್ಲಿ ಒಂದು ಗುಂಪಿನವರು ಸಿಟ್ಟು ಬಂದ ಘಟನೆಯೊಂದನ್ನು ಕೇವಲ ಎಂಟು ನಿಮಿಷ ನೆನಪಿಸಿಕೊಂಡರು. ಅಷ್ಟಕ್ಕೇ ರಕ್ತನಾಳಗಳ ಹಿಗ್ಗುವ ಶಕ್ತಿ ನಲವತ್ತು ನಿಮಿಷಗಳವರೆಗೆ ಕುಗ್ಗಿತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಮಾಡಿದ ವಿಶ್ಲೇಷಣೆಯಂತೆ, ತೀವ್ರವಾದ ಸಿಟ್ಟಿನ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಂಭವ ಉಳಿದ ಹೊತ್ತಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಆರೋಗ್ಯವಂತನಿಗೆ ಒಂದು ಸಲದ ಸಿಟ್ಟಿನಿಂದ ಬರುವ ಅಪಾಯ ಚಿಕ್ಕದೇ. ಆದರೆ ರಕ್ತದೊತ್ತಡ, ಮಧುಮೇಹ, ತಂಬಾಕಿನ ಚಟ ಇದ್ದವರಿಗೆ, ದಿನಕ್ಕೆ ನಾಲ್ಕು ಸಲ ಸಿಟ್ಟಾಗುವವರಿಗೆ ಅದು ಚಿಕ್ಕದಾಗಿ ಉಳಿಯುವುದಿಲ್ಲ.

ಆಯುರ್ವೇದವು ಇದನ್ನೇ ತನ್ನ ಪರಿಭಾಷೆಯಲ್ಲಿ ಹೇಳಿದೆ. ಕ್ರೋಧದಿಂದ ಪಿತ್ತವು ಪ್ರಕೋಪಗೊಳ್ಳುತ್ತದೆ. ಬುದ್ಧಿ, ಮೇಧೆ, ಉತ್ಸಾಹಗಳನ್ನು ನಡೆಸುವ ಸಾಧಕ ಪಿತ್ತದ ನೆಲೆ ಹೃದಯ. ಅದು ಕೆಟ್ಟಾಗ ಎಣಿಕೆ ತಪ್ಪುತ್ತದೆ. ಎದುರಿನ ತಿರುವು ಕಾಣದೆ ಮುಂದಿನ ಕಾರು ಮಾತ್ರ ಕಾಣುತ್ತದೆ. ಈರ್ಷ್ಯೆ, ಭಯ, ಕ್ರೋಧಗಳಿಂದ ಕೂಡಿದವನು ಉಂಡ ಅನ್ನ ಸರಿಯಾಗಿ ಜೀರ್ಣವಾಗುವುದಿಲ್ಲವೆಂದು ಸುಶ್ರುತರು ಹೇಳಿದ್ದಾರೆ. ಕನ್ನಡದ ನಮ್ಮ ಹಿರಿಯರು ಮತ್ಸರಕ್ಕೆ ‘ಹೊಟ್ಟೆಕಿಚ್ಚು’ ಎಂದು ಹೆಸರಿಟ್ಟದ್ದು ಎಷ್ಟು ಉಚಿತ! ಅನ್ನವನ್ನು ಬೇಯಿಸಬೇಕಾದ ಕಿಚ್ಚು ಉಂಡವನನ್ನೇ ಬೇಯಿಸುತ್ತದೆ. ನಿತ್ಯ ವಾಹನ ನಡೆಸುವವರಲ್ಲಿ ಕಾಣುವ ಹುಳಿತೇಗು, ಎದೆಯುರಿ, ತಲೆನೋವುಗಳಿಗೆ ಹೊರಗಿನ ತಿಂಡಿಯ ಜೊತೆಗೆ ಈ ಕಿಚ್ಚೂ ಕಾರಣವಾಗಿರಬಹುದು.

ತಡೆಯಬೇಕಾದ ವೇಗ, ತಡೆಯಬಾರದ ವೇಗ

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ವೇಗಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ, ಆಕಳಿಕೆ, ಕಣ್ಣೀರು ಮೊದಲಾದ ಹದಿಮೂರು ದೇಹದ ವೇಗಗಳನ್ನು ತಡೆಯಬಾರದು, ತಡೆದರೆ ರೋಗ. ಲೋಭ, ಶೋಕ, ಭಯ, ಕ್ರೋಧ, ದುರಭಿಮಾನ, ನಾಚಿಕೆಗೇಡಿತನ, ಈರ್ಷ್ಯೆ, ಅತಿಮೋಹ, ಪರರ ಸೊತ್ತಿನ ಮೇಲಿನ ಆಸೆ ಎಂಬ ಮನಸ್ಸಿನ ವೇಗಗಳನ್ನು ತಡೆಯಬೇಕು, ತಡೆಯದಿದ್ದರೆ ರೋಗ. ಒಂದು ಸ್ಪೋರ್ಟ್ಸ್ ಕಾರು ನಮ್ಮ ಮುಂದೆ ಹಾದುಹೋದಾಗ ಈ ಪಟ್ಟಿಯಲ್ಲಿನ ಎಷ್ಟು ವೇಗಗಳು ಒಟ್ಟಿಗೆ ಏಳುತ್ತವೆ ನೋಡಿ: ಈರ್ಷ್ಯೆ, ಪರರ ಸೊತ್ತಿನಾಸೆ, ದುರಭಿಮಾನ, ಕ್ರೋಧ. ಬಿರುನುಡಿಯನ್ನೂ ಹೊತ್ತಲ್ಲದ ಹೊತ್ತಿನ ಮಾತನ್ನೂ ತಡೆಯಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಕಾರಣವಿಲ್ಲದೆ ಬಾರಿಸುವ ಹಾರ್ನ್ ವಾಹನದ ಬಿರುನುಡಿಯೇ ಅಲ್ಲವೆ?

ನಮ್ಮ ಚಾಲಕರು ಇಂದು ಮಾಡುತ್ತಿರುವುದು ಇದಕ್ಕೆ ನೇರ ವಿರುದ್ಧ. ಊರು ಮುಟ್ಟಲು ತಡವಾಗುತ್ತದೆಂದು ಮೂತ್ರವನ್ನು ತಡೆಯುತ್ತಾರೆ, ನೀರು ಕುಡಿಯುವುದಿಲ್ಲ, ಊಟವನ್ನು ಮುಂದೂಡುತ್ತಾರೆ, ನಿದ್ದೆಯನ್ನು ಕಣ್ಣಿಗೆ ನೀರು ಹಚ್ಚಿ ಓಡಿಸುತ್ತಾರೆ. ಸಿಟ್ಟನ್ನೂ ಮತ್ಸರವನ್ನೂ ಮಾತ್ರ ಕಟ್ಟು ಬಿಚ್ಚಿ ಬಿಡುತ್ತಾರೆ. ಬಿಡಬೇಕಾದುದನ್ನು ಹಿಡಿದು, ಹಿಡಿಯಬೇಕಾದುದನ್ನು ಬಿಟ್ಟಿದ್ದೇವೆ. ಇವೆರಡಕ್ಕೂ ನಂಟುಂಟು. ಹಸಿದ, ಬಾಯಾರಿದ, ನಿದ್ದೆಗೆಟ್ಟ ದೇಹದಲ್ಲಿ ಸಿಟ್ಟು ಕಿಡಿ ಸೋಕಿದ ಹುಲ್ಲಿನಂತೆ ಹೊತ್ತಿಕೊಳ್ಳುತ್ತದೆ.

ಮತ್ಸರದ ವಿಷಯದಲ್ಲಿ ಚರಕರ ಇನ್ನೊಂದು ಸೂಕ್ಷ್ಮವಾದ ಮಾತಿದೆ. ಸದ್ವೃತ್ತದ ಪ್ರಕರಣದಲ್ಲಿ ಅವರು, ಅಸೂಯೆ ಪಡುವುದಾದರೆ ಇನ್ನೊಬ್ಬರ ಸಾಧನೆಯ ಕಾರಣವನ್ನು ಕುರಿತು ಪಡಬೇಕೇ ಹೊರತು ಅದರ ಫಲವನ್ನು ಕುರಿತು ಪಡಬಾರದೆಂಬ ಅರ್ಥದಲ್ಲಿ ಬೋಧಿಸಿದ್ದಾರೆ. ಕಾರು ಫಲ. ಅದರ ಹಿಂದೆ ವರ್ಷಗಳ ದುಡಿಮೆ ಇದ್ದರೆ ಆ ದುಡಿಮೆಯನ್ನು ನೋಡಿ ಕಲಿಯಬಹುದು. ದುಡಿಮೆಯಿಲ್ಲದೆ, ಅನ್ಯಾಯದಿಂದ ಬಂದದ್ದಾದರೆ ಅದರಲ್ಲಿ ಆಸೆಪಡುವಂತಹದೇನೂ ಇಲ್ಲ. ನೆದರ್ಲೆಂಡಿನ ಮನೋವಿಜ್ಞಾನಿ ನೀಲ್ಸ್ ವಾನ್ ಡೆ ವೆನ್ ಅವರು 2009ರಲ್ಲಿ ಅಸೂಯೆಯನ್ನು ತನ್ನನ್ನು ಮೇಲಕ್ಕೆತ್ತುವುದು, ಇನ್ನೊಬ್ಬರನ್ನು ಕೆಳಕ್ಕೆಳೆಯುವುದು ಎಂದು ಎರಡು ಬಗೆಯಾಗಿ ವಿಂಗಡಿಸಿ ತೋರಿಸಿದ್ದು ಇದೇ ವಿವೇಕದ ಹತ್ತಿರ ಬರುತ್ತದೆ.

ಆಚರಿಸಬೇಕಾದ ಪಥ್ಯ

ಹೊರಡುವ ಮೊದಲು: ಮಲಮೂತ್ರಗಳನ್ನು ವಿಸರ್ಜಿಸಿ, ಹದವಾಗಿ ಉಂಡು, ನೀರಿನ ಬಾಟಲಿಯನ್ನು ಜೊತೆಗಿಟ್ಟುಕೊಂಡು ಹೊರಡಬೇಕು. ತಲುಪಬೇಕಾದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೊರಟವನಿಗೆ ಅರ್ಧ ಸಿಟ್ಟು ಬರುವುದೇ ಇಲ್ಲ. ಎರಡು ಗಂಟೆಗೊಮ್ಮೆ ಇಳಿದು ಕೈಕಾಲು ಸಡಿಲಿಸಬೇಕು. ಬೇಸಿಗೆಯಲ್ಲಿ ಮಜ್ಜಿಗೆ, ಎಳನೀರು ಹಿತ. ಅತಿಯಾದ ಖಾರ, ಹುಳಿ, ಕರಿದ ತಿಂಡಿ, ಮೇಲಿಂದ ಮೇಲೆ ಚಹಾ ಪಿತ್ತವನ್ನು ಕೆರಳಿಸುತ್ತವೆ. ಮಧುಮೇಹ, ಮೂತ್ರಪಿಂಡದ ತೊಂದರೆ ಇದ್ದವರು ಎಳನೀರಿನ ಬಗ್ಗೆ ತಮ್ಮ ವೈದ್ಯರನ್ನು ಕೇಳಬೇಕು.

ರಸ್ತೆಯಲ್ಲಿ: ವೇಗದ ಕಾರು ಹಿಂದಿನಿಂದ ಬಂದರೆ ಸೂಚನಾ ದೀಪ ಹಾಕಿ ನಿಧಾನವಾಗಿ ಎಡಕ್ಕೆ ಸರಿದು ದಾರಿ ಬಿಡಬೇಕು. ದಾರಿ ಬಿಟ್ಟವನು ಸೋತಂತಲ್ಲ. ಮುಂದೆ ಹೋದ ಮೇಲೆ ಅದರ ಹಿಂದೆ ಬೀಳಬಾರದು. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನಾವು ಆ ಕಂಬವನ್ನು ಮುಟ್ಟಲು ಎರಡು ಸೆಕೆಂಡಾದರೂ ಆಗುವಷ್ಟು ಅಂತರವಿರಲಿ. ಮಳೆಯಲ್ಲಿ ಅದರ ಎರಡರಷ್ಟು. ವಾಹನ ನಡೆಸುತ್ತ ಚಿತ್ರ ತೆಗೆಯುವುದು ಸರ್ವಥಾ ಸಲ್ಲದು.

ಸಿಟ್ಟು ಎದ್ದಾಗ: ಉಸಿರನ್ನು ಮೂಗಿನಿಂದ ಸಹಜವಾಗಿ ಒಳಗೆ ತೆಗೆದುಕೊಂಡು ಅದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು. ಐದಾರು ಸಲ ಹೀಗೆ ಮಾಡಿದರೆ ನಾಡಿಯ ಬಡಿತ ತಗ್ಗತೊಡಗುತ್ತದೆ. ವಾಹನ ನಡೆಸುವಾಗ ಉಸಿರು ಹಿಡಿಯುವ ಪ್ರಾಣಾಯಾಮ ಮಾಡಕೂಡದು. ಹಿಡಿದ ಸ್ಟಿಯರಿಂಗ್ ಮೇಲಿನ ಬೆರಳುಗಳನ್ನೂ ಬಿಗಿದ ದವಡೆಯನ್ನೂ ಸಡಿಲಿಸಬೇಕು. ‘ಅವನಿಗೆ ಏನು ಅವಸರವೋ’ ಎಂದು ಒಮ್ಮೆ ಅಂದುಕೊಂಡರೆ ಸಾಕು, ಸಿಟ್ಟಿನ ಮೊನೆ ಮುರಿಯುತ್ತದೆ. ಕೈ ನಡುಗುತ್ತಿದ್ದರೆ ಸುರಕ್ಷಿತವಾದ ಕಡೆ ವಾಹನವನ್ನು ನಿಲ್ಲಿಸಿ ಹತ್ತು ನಿಮಿಷ ಕಳೆದು ಹೊರಡುವುದು ಲೇಸು.

ಮನೆಗೆ ಬಂದ ಮೇಲೆ: ಸಿಟ್ಟಿನ ತಲೆಯಲ್ಲಿ ಊಟಕ್ಕೆ ಕೂಡಬಾರದು. ಕೈಕಾಲು ಮುಖ ತೊಳೆದು, ತುಸು ಹೊತ್ತು ಮೌನವಾಗಿ ಕುಳಿತು, ಅನಂತರ ಉಣ್ಣಬೇಕು. ರಸ್ತೆಯ ಜಗಳವನ್ನು ಊಟದ ಹೊತ್ತಿನಲ್ಲಿ ಮತ್ತೆ ಮತ್ತೆ ವರ್ಣಿಸುವುದು ಆ ಸಿಟ್ಟನ್ನು ಎರಡನೆಯ ಸಲ ಅನುಭವಿಸಿದಂತೆ. ಪದೇ ಪದೇ ಹೀಗಾಗುವವರು ರಕ್ತದೊತ್ತಡವನ್ನು ತೋರಿಸಿಕೊಳ್ಳಬೇಕು. ವೈದ್ಯರು ಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡುಬಂದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆಮಾಡಬೇಕು. ತಾವೇ ವಾಹನ ನಡೆಸಿಕೊಂಡು ಆಸ್ಪತ್ರೆಗೆ ಹೋಗಬಾರದು.

ಇನ್ನು ಇಂತಹ ಕಾರುಗಳನ್ನು ಉಳ್ಳವರಿಗೂ ಎರಡು ಮಾತು. ನಿಮ್ಮ ಕಾರಿನ ಶಕ್ತಿ ನಿಮಗೆ ಗೊತ್ತು. ನಿಮ್ಮನ್ನು ಕಂಡು ಬೆನ್ನಟ್ಟುವ ಹದಿನೆಂಟರ ಹುಡುಗನಿಗೆ ತನ್ನ ಬೈಕಿನ ಮಿತಿ ಗೊತ್ತಿರುವುದಿಲ್ಲ. ಅವನ ಸನ್ನೆಗೆ ಉತ್ತರವಾಗಿ ಎಂಜಿನ್ನನ್ನು ಗರ್ಜಿಸಬೇಡಿ. ವೇಗವನ್ನು ತಗ್ಗಿಸಿ, ಅವನನ್ನು ಮುಂದೆ ಹೋಗಲು ಬಿಡಿ. ಊರೊಳಗೆ, ಶಾಲೆ ಆಸ್ಪತ್ರೆಗಳ ಬಳಿ ಸದ್ದಡಗಿಸಿ ಸಾಗಿ. ಬಲವುಳ್ಳವನು ಬಲವನ್ನು ಹಿಡಿದಿಟ್ಟುಕೊಂಡಾಗ ನೋಡುವವರ ಮತ್ಸರವೂ ಗೌರವಕ್ಕೆ ತಿರುಗುತ್ತದೆ.

ತಂದೆತಾಯಿಗಳು ನೆನಪಿಡಬೇಕಾದ ಸಂಗತಿಯೊಂದು ಉಳಿದಿದೆ. ಹಿಂದಿನ ಸೀಟಿನಲ್ಲಿ ಕುಳಿತ ಮಗು ದಾಟಿಹೋದ ಕಾರನ್ನು ಒಂದು ಗಳಿಗೆ ನೋಡುತ್ತದೆ. ಅದನ್ನು ಕಂಡ ತಂದೆಯ ಮುಖವನ್ನು ದಾರಿಯುದ್ದಕ್ಕೂ ನೋಡುತ್ತದೆ. ಕೈಬೀಸಿ ನಗುವುದನ್ನೂ ಹಲ್ಲು ಕಡಿದು ಬೆನ್ನಟ್ಟುವುದನ್ನೂ ಅದು ಅಲ್ಲಿಯೇ ಕಲಿಯುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದಕ್ಕಿಂತ, ಮುಂದಿನ ಸಲ ಅಂತಹ ಕಾರು ಹಿಂದಿನಿಂದ ಬಂದಾಗ ಎಡಕ್ಕೆ ಸರಿದು ದಾರಿ ಬಿಡುವುದು ಹೆಚ್ಚು ಪರಿಣಾಮಕಾರಿ.